ವರ ಪೈಲಟ್ಟೇ? ಹಾಗಾದರೆ ಇದನ್ನೂ ಕೇಳಿ



ವಿಮಾನ ಹಾರಿಸುವ ವರ ಬಂದರೆ ಸಂಬಳ ಕೇಳ್ತೀವಿ, ಜಾತಕ ಕೇಳ್ತೀವಿ. 'ಬೇಸ್ ಎಲ್ಲಿ?' ಅಂತ ಕೇಳುವವರು ಕಡಿಮೆ. ಮಗಳು ಸಂಸಾರ ಹೂಡುವ ಊರು ಯಾವುದೆಂದು ತೀರ್ಮಾನಿಸುವುದು ಅದೇ.

ಬೇಸ್ ಅಂದರೆ ಕಂಪನಿ ಪೈಲಟನಿಗೆ ಗೊತ್ತುಮಾಡಿದ ಠಾಣೆ. ಕೆಲಸ ಅಲ್ಲಿಂದ ಶುರು, ಕೊನೆಗೆ ಅಲ್ಲಿಗೇ ವಾಪಸು. ನಡುವಿನ ರಾತ್ರಿಗಳು ಹೋಟೆಲಿನಲ್ಲಿ. ಜಮಖಂಡಿ, ಬೀಳಗಿ ಕಡೆಯವರು ವಿಮಾನ ಹತ್ತುವುದು ಬೆಳಗಾವಿಯ ಸಾಂಬ್ರಾದಲ್ಲಿ, ಇಲ್ಲವೇ ಹುಬ್ಬಳ್ಳಿಯಲ್ಲಿ. ಅಲ್ಲಿಗೆ ವಿಮಾನ ಬರುತ್ತದೆಂದು ಅಳಿಯನ ಬೇಸೂ ಅಲ್ಲೇ ಇರಬೇಕೆಂದಿಲ್ಲ.

2003ರಲ್ಲಿ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿತು. 2019ರಲ್ಲಿ ಸ್ಟಾರ್ ಏರ್ 50 ಸೀಟಿನ ವಿಮಾನ ತಂದಿತು. ಇಂಥ ಸಣ್ಣ ಹಾದಿಗಳಲ್ಲಿ ದಿನಕ್ಕೆ ನಾಲ್ಕು ಸಲ ಏರಿ ಇಳಿಯುವುದೂ ಉಂಟು. ದಣಿಸುವುದು ಆ ಏರಿಳಿತವೇ.

ರಬಕವಿ-ಬನಹಟ್ಟಿಯ ಮಗ್ಗ, ಮುಧೋಳದ ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ ಕಂಡ ನಿಮಗೆ ನಿದ್ದೆಗೆಟ್ಟವರ ಕಣ್ಣು ಗೊತ್ತು. ಪೈಲಟರ ವಾರದ ವಿಶ್ರಾಂತಿಯನ್ನು ಸರಕಾರ 2025ರ ಜುಲೈ 1ರಿಂದ 36 ತಾಸಿನಿಂದ 48ಕ್ಕೆ ಏರಿಸಿತು. ವರ್ಷದ ಹಾರಾಟ 1000 ತಾಸು ಮೀರುವಂತಿಲ್ಲ. ಅದೇ ಡಿಸೆಂಬರಿನಲ್ಲಿ ಹೊಸ ನಿಯಮಗಳಿಗೆ ತಕ್ಕಷ್ಟು ಪೈಲಟರಿಲ್ಲದೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು.

ಆದ್ದರಿಂದ ತಿಂಗಳಿಗೆ ಎಷ್ಟು ರಾತ್ರಿ ಹೊರಗೆ, ರಜೆ ಯಾವಾಗ ಗೊತ್ತಾಗುತ್ತದೆ ಎಂದು ಮೊದಲೇ ಕೇಳಿರಿ. ಅಳಿಯ ಹಗಲು ಮಲಗಿದರೆ ಸೋಮಾರಿ ಅನ್ನಬೇಡಿ. ಕಿಟಕಿಗೆ ದಪ್ಪ ಪರದೆ ಕಟ್ಟಿ, ಕುಕ್ಕರಿನ ಸೀಟಿ ತಡವಾಗಲಿ. ಆ ನಿದ್ದೆಯ ಮೇಲೆ ಐವತ್ತು ಮಂದಿಯ ಜೀವ ನಿಂತಿದೆ.

ಸೊಸೆ ಪೈಲಟ್ ಆದರೂ ಮಾತು ಇದೇ. ಬಂದ ಕೂಡಲೇ ಆಕೆಯನ್ನು ರೊಟ್ಟಿ ಬಡಿಯಲು ಕೂರಿಸಬೇಡಿ!