ಲಿಫ್ಟ್ ಬೇಕಾದಲ್ಲಿ ಹೆಡ್‌ಸೆಟ್ ಕೊಡಬೇಡಿ

ಮಲ್ಪೆ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಲಾವಾ ಶಿಲೆಗಳು, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬು ಲಾವಾ: ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಭೂವಿಜ್ಞಾನ ಓದುವವರು ನೋಡಲೇಬೇಕಾದವು. ಗಾಲಿಕುರ್ಚಿಯಲ್ಲಿ ಓಡಾಡುವ ವಿದ್ಯಾರ್ಥಿನಿಗೆ ದೋಣಿ ಹತ್ತಿಳಿದು ಆ ಬಂಡೆಗಳ ನಡುವೆ ಸುತ್ತುವುದು ಕಷ್ಟ. ಅವನ್ನು ಎಲ್ಲ ದಿಕ್ಕಿನಿಂದ ಚಿತ್ರೀಕರಿಸಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನಲ್ಲಿ ತೋರಿಸಿದರೆ ಅವಳ ಓದಿಗೆ ನಿಜವಾದ ಲಾಭ. ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಅದೇ ವಿದ್ಯಾರ್ಥಿನಿಯ ಪ್ರಯೋಗಾಲಯ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಅನ್ನಿ. ‘ನೀನು ಕೆಳಗೇ ಕೂತು ವಿಆರ್‌ನಲ್ಲಿ ಪ್ರಯೋಗ ಮಾಡಮ್ಮ’ ಎಂದರೆ ಅದು ಅನ್ಯಾಯ. ಕಡಲು ಪ್ರಕೃತಿಯದ್ದು. ಮೆಟ್ಟಿಲು ವಿಶ್ವವಿದ್ಯಾಲಯ ತಾನೇ ನಕ್ಷೆ ಒಪ್ಪಿ ಕಟ್ಟಿಸಿದ್ದು. ಸಹಪಾಠಿಗಳೆಲ್ಲ ಮೇಲೆ ಆಮ್ಲದ ವಾಸನೆ ಕುಡಿಯುತ್ತ, ಜಗಳಾಡುತ್ತ ಕಲಿಯುವಾಗ ಅವಳೊಬ್ಬಳನ್ನೇ ಕೆಳಗೆ ಕೂರಿಸುವುದಕ್ಕೆ ತಂತ್ರಜ್ಞಾನದ ಹೆಸರು ಬೇಡ.

ಕಾನೂನಿನಲ್ಲಿ ಗೊಂದಲವೇನಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡ, ಆವರಣ ಎಲ್ಲರೂ ಸುಲಭವಾಗಿ ಬಳಸುವಂತಿರಬೇಕು. ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಸೆಕ್ಷನ್ ಕೊಟ್ಟ ಐದು ವರ್ಷದ ಗಡುವು 2022ರ ಜೂನ್‌ಗೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯಗಳ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು.

ಲಿಫ್ಟ್‌ಗೆ ದುಡ್ಡು ಜಾಸ್ತಿ, ಹೆಡ್‌ಸೆಟ್ ಅಗ್ಗ ಎಂಬ ವಾದವಿದೆ. ಲಿಫ್ಟ್ ದಶಕಗಟ್ಟಲೆ ಬಾಳುತ್ತದೆ. ಶಾಲೆಗಳಿಗೆಂದೇ ಬಂದ ಗೂಗಲ್ ಎಕ್ಸ್‌ಪೆಡಿಶನ್ಸ್ ಎಂಬ ವಿಆರ್ ಆ್ಯಪ್ 2021ರಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ಹೋಲೋಲೆನ್ಸ್ 2 ಹೆಡ್‌ಸೆಟ್‌ನ ತಯಾರಿಕೆಯನ್ನು 2024ರಲ್ಲಿ ಕೈಬಿಟ್ಟಿತು. ಕಂಪನಿ ಮನಸ್ಸು ಬದಲಿಸಿದ ದಿನ ವಿದ್ಯಾರ್ಥಿಯ ಪಾಠವೂ ನಿಲ್ಲಬೇಕೆ?

ಇನ್ನು ಹೆಡ್‌ಸೆಟ್ ಎಲ್ಲರಿಗೂ ಒಗ್ಗುವುದೂ ಇಲ್ಲ. ಬಹುತೇಕ ಸಾಧನಗಳು ಎರಡೂ ಕೈ ಚೆನ್ನಾಗಿ ಆಡುವವರನ್ನೇ ನೆನೆದು ಮಾಡಿದವು. ಮೂರ್ಛೆ ರೋಗ ಇರುವವರಿಗೆ ತಯಾರಕರೇ ಎಚ್ಚರಿಕೆ ಬರೆದಿರುತ್ತಾರೆ. ಮಂದದೃಷ್ಟಿಯವರಿಗಾಗಿ ಮೈಕ್ರೋಸಾಫ್ಟ್ ಸಂಶೋಧಕರು 2019ರಲ್ಲಿ ಸೀಯಿಂಗ್‌ವಿಆರ್ ಎಂಬ 14 ಸಲಕರಣೆಗಳ ಗುಚ್ಛವನ್ನೇ ರೂಪಿಸಬೇಕಾಯಿತು. ಕಿವಿ ಕೇಳದ ಹುಡುಗನಿಗೆ ಎಆರ್ (ಆಗ್‌ಮೆಂಟೆಡ್ ರಿಯಾಲಿಟಿ) ಕನ್ನಡಕದಲ್ಲಿ ಮೇಷ್ಟ್ರ ಮಾತು ಅಕ್ಷರವಾಗಿ ಮೂಡಿದರೆ ಅದು ದೊಡ್ಡ ಸಂಗತಿಯೇ. ಆದರೆ ಕನ್ನಡದಲ್ಲಿ ನಡೆಯುವ ಪಾಠ ಕನ್ನಡದಲ್ಲೇ, ತಪ್ಪಿಲ್ಲದೆ ಮೂಡಬೇಕು. ಖರೀದಿಗೆ ಮುನ್ನ ಇದನ್ನು ಅವನ ಎದುರೇ ಪರೀಕ್ಷಿಸಬೇಕು.

ವಿಆರ್ ಲ್ಯಾಬ್‌ಗೆ ಟೆಂಡರ್ ಕರೆಯುವ ಪ್ರತಿ ವಿಶ್ವವಿದ್ಯಾಲಯವೂ ಖರೀದಿ ಸಮಿತಿಯಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಮತದ ಹಕ್ಕಿನೊಂದಿಗೆ ಜಾಗ ಕೊಡಲಿ. ರ‍್ಯಾಂಪ್, ಲಿಫ್ಟ್, ಶೌಚಾಲಯ ಎಷ್ಟು ಕಟ್ಟಡಗಳಲ್ಲಿ ಬಾಕಿಯಿದೆ ಎಂಬ ಪಟ್ಟಿಯನ್ನು ಅದೇ ಸಭೆಯ ಮುಂದಿಟ್ಟು, ಅದಕ್ಕೆ ಹಣ ಮೀಸಲಿಟ್ಟ ಮೇಲೆಯೇ ಹೆಡ್‌ಸೆಟ್‌ನ ಕಡತಕ್ಕೆ ಸಹಿ ಬೀಳಲಿ.