ಡಾಲ್ಫಿನ್‌ಗೆ ಇಪ್ಪತ್ತೈದು ನಿಮಿಷ ಸಾಕೇ?

ಕಳೆದ ವರ್ಷ ನಾವು ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ದಿನದ ಕಾರವಾರ ಪ್ರವಾಸಕ್ಕೆ ಹೋಗಿದ್ದೆವು. ನೋಟಿಸ್ ಬೋರ್ಡಿಗೆ ಹಚ್ಚಿದ ಪಟ್ಟಿಯಲ್ಲಿ ಒಂಬತ್ತು ಸ್ಥಳಗಳಿದ್ದವು. ಐದನೆಯ ಸಾಲಿನಲ್ಲಿ "ಡಾಲ್ಫಿನ್ ವೀಕ್ಷಣೆ – 25 ನಿಮಿಷ" ಎಂದಿತ್ತು. ಆ ಪಟ್ಟಿ ನೋಡಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಒಂದೇ ಶುಲ್ಕದಲ್ಲಿ ಒಂಬತ್ತು ಜಾಗ! ವಾಣಿಜ್ಯ ವಿದ್ಯಾರ್ಥಿನಿಗೆ ಇದಕ್ಕಿಂತ ಲಾಭದ ವ್ಯವಹಾರ ಯಾವುದಿದೆ ಎಂದುಕೊಂಡಿದ್ದೆ.

ಈ ಡಿಸೆಂಬರ್‌ನಲ್ಲಿ ಈಗಿನ ಪ್ರಥಮ ಪಿಯುಸಿಯವರು ಅದೇ ದಾರಿಯಲ್ಲಿ ಹೋಗಲಿದ್ದಾರೆ. ಅದೇ ಪಟ್ಟಿ ಮತ್ತೆ ಓಡಾಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವತ್ತು ಆದದ್ದು ಇಷ್ಟು. ಬೆಳಿಗ್ಗೆ ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತ ನೋಡಿದೆವು. ಅರಬೈಲ್ ಘಟ್ಟ ಇಳಿದು ಅಂಕೋಲಾ ದಾಟಿ ಕಾರವಾರ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಗಾಳಿ ಎದ್ದಿತ್ತು, ಅಲೆಗಳು ಎದ್ದಿದ್ದವು. ದೋಣಿಯಲ್ಲಿ ಅರ್ಧದಷ್ಟು ಹುಡುಗಿಯರು ವಾಂತಿ ಮಾಡಿಕೊಂಡರು. ಹದಿನೈದು ನಿಮಿಷವಾದರೂ ಡಾಲ್ಫಿನ್ ಕಾಣಲಿಲ್ಲ. ಆಗ ನಾವು ಕೂಗಾಡಲು ಶುರು ಮಾಡಿದೆವು: "ಅಣ್ಣಾ, ಕಾಣದಿದ್ದರೆ ದುಡ್ಡು ವಾಪಸ್ ಕೊಡಬೇಕು!" ಎಲ್ಲರಿಗಿಂತ ಜೋರಾಗಿ ಕೂಗಿದವಳೂ ನಾನೇ.

ದೂರದಲ್ಲಿ ಒಂದು ಬೂದು ಬೆನ್ನು ಕಂಡಿತು. ದೋಣಿಯವರು ಇಂಜಿನ್ ಜೋರು ಮಾಡಿ ಅದರತ್ತ ಓಡಿಸಿದರು. ಇನ್ನೆರಡು ದೋಣಿಗಳೂ ಬಂದು ಮೂರು ಕಡೆಯಿಂದ ಸುತ್ತಿಕೊಂಡವು. ನೀರಿನಿಂದ ಮೇಲೆ ಬಂದವು ಎರಡು, ಒಂದು ದೊಡ್ಡದು, ಅದರ ಪಕ್ಕಕ್ಕೇ ಅಂಟಿಕೊಂಡಂತೆ ಒಂದು ಚಿಕ್ಕದು. ಒಮ್ಮೆ ಉಸಿರು ಬಿಟ್ಟು ಮುಳುಗಿದವು. ದೋಣಿಗಳು ಮತ್ತೆ ಬೆನ್ನು ಹತ್ತಿದವು. ನಾವು ಚಪ್ಪಾಳೆ ತಟ್ಟಿದೆವು. ನನ್ನ ಮೊಬೈಲಿನಲ್ಲಿ ಉಳಿದದ್ದು ಬರೀ ನೀರಿನ ಫೋಟೋ.

ಅಲ್ಲಿಂದ ಗೋಕರ್ಣಕ್ಕೆ ಓಟ. ಮಿರ್ಜಾನ್ ಕೋಟೆ ಮುಟ್ಟುವಷ್ಟರಲ್ಲಿ ಗೇಟು ಹಾಕಿತ್ತು. ನಾವು ಊರಿಗೆ ಬಂದಾಗ ರಾತ್ರಿ ಒಂದೂವರೆ. ಕಾಲೇಜಿನ ಗೇಟಿನ ಮುಂದೆ ಅಬ್ಬಾ ಸ್ಕೂಟರ್ ಮೇಲೆ ಕೂತಿದ್ದರು, ಅವರ ಹಾಗೆಯೇ ಇನ್ನೂ ಇಪ್ಪತ್ತು ಮೂವತ್ತು ಜನ ತಂದೆಯರು. ಯಾರೂ ಬೈಯಲಿಲ್ಲ, ಯಾರೂ ಮಾತೂ ಆಡಲಿಲ್ಲ. ಈ ವರ್ಷ ಎಷ್ಟೋ ಮನೆಗಳಲ್ಲಿ "ಟೂರ್ ಬೇಡ" ಎನ್ನುತ್ತಿದ್ದಾರೆ. ಅದರ ಬೀಜ ಬಿದ್ದದ್ದು ಆ ರಾತ್ರಿ.

ಮರುದಿನ ನಾನಿ ಕೇಳಿದರು, "ಸಮಂದರ್ ಕೈಸಾ ಥಾ ಬೇಟಿ? ಬಡೀ ಮಛ್ಲಿ ದೇಖೀ ಕ್ಯಾ?" ನಾನಿ ಇದುವರೆಗೆ ಸಮುದ್ರ ಕಂಡವರಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಸಮುದ್ರ ಹೇಗಿತ್ತೆಂದು ನೋಡಲು ನನಗೆ ಪುರುಸೊತ್ತೇ ಇರಲಿಲ್ಲ.

ಆಮೇಲೆ ಓದಿದಾಗ ತಿಳಿದದ್ದನ್ನು ನಾನಿಗೂ ಹೇಳಿದೆ. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಸಸ್ತನಿ. ಮರಿಗೆ ಹಾಲೂಡಿಸುತ್ತದೆ, ಉಸಿರಾಡಲು ನೀರಿನ ಮೇಲೆ ಬರಲೇಬೇಕು. ನಾವು "ಮೇಲೆ ಬಂತು, ಮೇಲೆ ಬಂತು" ಎಂದು ಚಪ್ಪಾಳೆ ತಟ್ಟಿದ್ದು ಅದು ಉಸಿರು ತೆಗೆದುಕೊಳ್ಳಲು ಬಂದ ಕ್ಷಣಕ್ಕೆ. ಕಾರವಾರದ ದಡದ ಹತ್ತಿರ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಆಳವಿಲ್ಲದ ನೀರು, ನದಿ ಸಮುದ್ರ ಸೇರುವ ಅಳಿವೆಗಳೇ ಅದರ ಮನೆ. ಕಾಳಿ ನದಿಯ ಅಳಿವೆ ಅಂಥದ್ದೇ ಜಾಗ. ದಡ ಬಿಟ್ಟು ದೂರ ಹೋಗದ ಈ ಪ್ರಾಣಿಗೆ ಬಲೆ, ದೋಣಿ, ಇಂಜಿನ್ ಸದ್ದು ಎಲ್ಲವೂ ಅಲ್ಲೇ ಎದುರಾಗುತ್ತವೆ. ಶಬ್ದದಿಂದಲೇ ದಾರಿ ಮತ್ತು ಆಹಾರ ಹುಡುಕುವ ಜೀವಿಗೆ ಇಂಜಿನ್ ಸದ್ದು ಎಂಥ ಕಾಟ ಎಂದು ಯೋಚಿಸಿ. ಜಗತ್ತಿನಲ್ಲಿ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಇದೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಯ ಜೊತೆಗೇ, ಇದಕ್ಕೂ ರಕ್ಷಣೆ ಇದೆ. ಹುಲಿಯನ್ನು ಮೂರು ಜೀಪು ಸುತ್ತಿಕೊಂಡು ಅಟ್ಟಿಸಿಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ?

ತಪ್ಪು ದೋಣಿಯವರದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ದೋಣಿ ಓಡಿಸುವವರು ಮೀನುಗಾರರ ಮನೆಯವರು. ಮಳೆಗಾಲದಲ್ಲಿ ದೋಣಿ ವಿಹಾರ ಇಲ್ಲ. ಇರುವ ಕೆಲವೇ ತಿಂಗಳಲ್ಲಿ ದುಡಿಯಬೇಕು. ಡೀಸೆಲ್ ಅವರದು. ಡಾಲ್ಫಿನ್ ಅಟ್ಟಿದರೆ ಅವರಿಗೆ ಡೀಸೆಲ್ ಖರ್ಚು ಹೆಚ್ಚೇ ಹೊರತು ಕಡಿಮೆಯಲ್ಲ. ಆದರೂ ಅಟ್ಟುತ್ತಾರೆ, ಏಕೆಂದರೆ ಗಿರಾಕಿ ಕೇಳುವುದು ಅದನ್ನೇ. ಬೇಡಿಕೆ ಇದ್ದಂತೆ ಪೂರೈಕೆ ಎಂದು ನಮ್ಮ ಅರ್ಥಶಾಸ್ತ್ರದ ಪಾಠವೇ ಹೇಳುತ್ತದೆ. 25 ನಿಮಿಷದಲ್ಲಿ ಡಾಲ್ಫಿನ್ ತೋರಿಸಿ ಎಂದು ಕೇಳಿದವರು ನಾವು. ಆದ್ದರಿಂದ ತಿದ್ದಿಕೊಳ್ಳಬೇಕಾದವರೂ ಮೊದಲು ನಾವೇ.

ಇದಕ್ಕೆ ಗೆಳತಿಯರು ಕೊಡುವ ಉತ್ತರವೂ ನನಗೆ ಗೊತ್ತು. "ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಕೊಟ್ಟು, ಎರಡೇ ಜಾಗ ನೋಡಿ ಬರುವುದೇ? ನಮಗೆ ಮತ್ತೆ ಯಾರು ಕಳಿಸುತ್ತಾರೆ?" ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಇದು ಮೊದಲ ಸಮುದ್ರ. ಕೆಲವರಿಗೆ ಮದುವೆಗೆ ಮುಂಚಿನ ಕೊನೆಯ ಪ್ರವಾಸವೂ ಆಗಬಹುದು. ಆದರೆ ಅದೇ ಕಾರಣಕ್ಕೆ ನಾನು ಹೇಳುವುದು, ಒಂದೇ ಸಲ ನೋಡುವುದಾದರೆ ಅದನ್ನು ಸರಿಯಾಗಿ ನೋಡೋಣ. ಅವಕಾಶ ವೆಚ್ಚ ಎಂದು ಓದಿದ್ದೇವಲ್ಲ, ಒಂದನ್ನು ಆರಿಸಿಕೊಂಡರೆ ಬಿಟ್ಟುಕೊಡುವ ಇನ್ನೊಂದರ ಬೆಲೆ. ಒಂಬತ್ತು ಜಾಗ ಆರಿಸಿಕೊಂಡ ನಾವು ಬಿಟ್ಟುಕೊಟ್ಟದ್ದು ಸಮುದ್ರವನ್ನೇ.

ಹಾಗಾದರೆ ಪ್ರವಾಸ ಹೇಗಿರಬೇಕು? ಡಾಲ್ಫಿನ್ ನೋಡುವುದೇ ಮುಖ್ಯ ಎಂದಾದರೆ ದಿನವನ್ನು ಸಮುದ್ರದ ಸುತ್ತ ಹೊಂದಿಸಬೇಕು. ಸಮುದ್ರ ನಮ್ಮ ಪಟ್ಟಿಯ ಮಾತು ಕೇಳುವುದಿಲ್ಲ. ಚಳಿಗಾಲದ ಬೆಳಿಗ್ಗೆ ನೀರು ಶಾಂತವಾಗಿರುತ್ತದೆ. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬೀಸಿ ಅಲೆ ಏಳುತ್ತದೆ. ನೀರು ಶಾಂತವಾಗಿದ್ದರೆ ಒಂದು ಬೆನ್ನು ಮೇಲೆ ಬಂದರೂ ದೂರದಿಂದಲೇ ಕಾಣುತ್ತದೆ, ಅಟ್ಟುವ ಅಗತ್ಯವಿಲ್ಲ.

ನಮ್ಮೂರಿಂದ ಕಾರವಾರಕ್ಕೆ ನಾಲ್ಕು ಗಂಟೆಯ ದಾರಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಯಲ್ಲಾಪುರದಲ್ಲಿ ಫಜರ್ ನಮಾಜ್ ಮತ್ತು ಚಹಾ, ಎಂಟೂವರೆಗೆ ಕಾರವಾರ. ಮೊದಲ ಕೆಲಸವೇ ದೋಣಿ, ಅದಕ್ಕೆ ಪೂರ್ತಿ ಎರಡು ಗಂಟೆ. ಅವತ್ತು ಸಮುದ್ರ ಸರಿಯಿಲ್ಲದಿದ್ದರೆ ದೋಣಿ ಬೇಡ. ದಡದಲ್ಲೇ ನೋಡುವುದು ಬೇಕಾದಷ್ಟಿದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರವಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಟ್ಯಾಗೋರ್ ಬಂದು ತಂಗಿದ್ದು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇದೇ ಊರಿನಲ್ಲಿ. ಅದೇ ತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಈಗ ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ. ಊಟ, ಜೊಹರ್ ಮುಗಿಸಿ ಕಾಳಿ ಸೇತುವೆ ದಾಟಿದರೆ ಸದಾಶಿವಗಡ. ಅಲ್ಲಿ ಶಾಹ್ ಶಂಸುದ್ದೀನ್ ಖಾರೋಬತ್ ಅವರ ದರ್ಗಾ ಇದೆ, ಗುಡ್ಡದ ಮೇಲೆ ಕೋಟೆ ಇದೆ. ಮೇಲೆ ನಿಂತರೆ ನದಿ ಸಮುದ್ರ ಸೇರುವ ಜಾಗ ಪೂರ್ತಿ ಕಾಣುತ್ತದೆ. 2024ರ ಆಗಸ್ಟ್‌ನಲ್ಲಿ ಕುಸಿದ ಹಳೆಯ ಸೇತುವೆ ಇದ್ದದ್ದೂ ಅಲ್ಲೇ. ಮೂರೂವರೆಗೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಮಾಗೋಡು, ಗೋಕರ್ಣ, ಮಿರ್ಜಾನ್ ಇನ್ನೊಂದು ವರ್ಷಕ್ಕೆ ಇರಲಿ.

ದೋಣಿ ಹತ್ತುವ ಮುಂಚೆ ಕೆಲವು ಮಾತು ನಿಶ್ಚಯ ಆಗಬೇಕು. ಎಲ್ಲರಿಗೂ ಲೈಫ್ ಜಾಕೆಟ್ ಇರಬೇಕು, ದುಪಟ್ಟಾ ಅದರ ಒಳಗಿರಬೇಕು. ನಾವು ದುಡ್ಡು ಕೊಡುವುದು ದೋಣಿ ಪ್ರಯಾಣಕ್ಕೆ, ಡಾಲ್ಫಿನ್‌ಗಲ್ಲ, ಕಾಣದಿದ್ದರೂ ಪೂರ್ತಿ ಕೊಡುತ್ತೇವೆ ಎಂದು ಮೊದಲೇ ಹೇಳಬೇಕು. ಕಂಡರೆ ಇಂಜಿನ್ ನಿಧಾನ ಮಾಡಿ ದೂರದಲ್ಲೇ ನಿಲ್ಲಿಸಲಿ. ಬೇರೆ ದೋಣಿಗಳು ಮೊದಲೇ ಅಲ್ಲಿದ್ದರೆ ನಮ್ಮದು ಹೋಗುವುದು ಬೇಡ. ಮರಿ ಜೊತೆಗಿದ್ದರೆ ಹಿಂದಕ್ಕೆ ಬರೋಣ. ಕೂಗಾಟ ಬೇಡ. ಈ ಕೊನೆಯದನ್ನು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಪ್ರವಾಸ ಸಮಿತಿಯ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ ಒಂದೇ. ಈ ಸಲ ಪಟ್ಟಿ ಹಚ್ಚುವಾಗ ಜಾಗಗಳ ಸಂಖ್ಯೆಗಿಂತ ಮುಂಚೆ ವಾಪಸ್ ಬರುವ ಸಮಯ ಬರೆಯಿರಿ, ಅದನ್ನು ಪಾಲಕರಿಗೂ ಕಳಿಸಿ. ಎಂಟು ಗಂಟೆ ಎಂದು ಬರೆದು ಎಂಟಕ್ಕೇ ಬಂದರೆ ಮುಂದಿನ ವರ್ಷ ಇನ್ನೂ ಹತ್ತು ಮನೆಗಳ ಬಾಗಿಲು ತೆರೆಯುತ್ತದೆ.

ಪ್ರಥಮ ಪಿಯುಸಿಯ ತಂಗಿಯರೇ, ತಮ್ಮಂದಿರೇ, ಡಾಲ್ಫಿನ್ ಕಾಣಲಿ, ಕಾಣದಿರಲಿ, ದಡದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ. ಮನೆಯಲ್ಲಿ ಯಾರಾದರೂ "ಸಮಂದರ್ ಕೈಸಾ ಥಾ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಹೇಳಲು ಏನಾದರೂ ಇರಬೇಕು.