ಏಳು ದಿನದ ಸುಳ್ಳು

"ಏಳೇ ದಿನದಲ್ಲಿ ಬಿಯರ್!" ಅಂತ ಡಬ್ಬದ ಮೇಲೆ ಅಚ್ಚು ಹಾಕಿಸಿದ ಪುಣ್ಯಾತ್ಮನನ್ನ ಒಂದ್ಸಲ ನಮ್ಮ ಬೇಸ್‌ಮೆಂಟಿಗೆ ಕರ್ಕೊಂಡು ಬರಬೇಕು ಅಂತ ನನಗೆ ಬಹಳ ಆಸೆ. ಗೋಡೆಯಲ್ಲಿ ಗಾಜು ನಾಟಿದ ಗುರುತು ಇನ್ನೂ ಹಾಗೇ ಇದೆ, ತೋರಿಸ್ತೀನಿ.

ಮಿನೆಸೋಟಾಕ್ಕೆ ಬಂದ ಎರಡನೇ ಚಳಿಗಾಲ. ಹೊರಗೆ ಕಾಲಿಡೋ ಹಾಗಿಲ್ಲ. ಐದು ಗ್ಯಾಲನ್ನಿನ ಕಿಟ್ ತಂದೆ. (ಮನೆಯಲ್ಲಿ ಬಿಯರ್ ಮಾಡೋಕೆ ಇಲ್ಲಿ ಅಡ್ಡಿಯಿಲ್ಲ, 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಕೃಪೆ. ಊರಲ್ಲಾದ್ರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ.) ಮೂರು ದಿನ ಏರ್‌ಲಾಕ್ ಬುಳುಬುಳು ಅಂತು, ಐದನೇ ದಿನ ಸುಮ್ಮನಾಯ್ತು. ಏಳನೇ ದಿನ, ಕಿಟ್ಟಿನ ಚೀಟಿಯಲ್ಲಿ ಹೇಳಿದ ಹಾಗೆ, ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿ ಬೆಚ್ಚಗಿನ ಮೂಲೆಯಲ್ಲಿಟ್ಟೆ. ಹತ್ತು ದಿನ ಬಿಟ್ಟು ರಾತ್ರಿ ಎರಡು ಗಂಟೆಗೆ ಢಮ್! ಒಂದಲ್ಲ, ನಾಲ್ಕು ಬಾಟಲಿ. ಹಿಂದಿನ ಸಾಯಂಕಾಲ ಮಗಳು ಅದೇ ಮೂಲೆಯಲ್ಲಿ ಕೂತು ಗೊಂಬೆಗೆ ಸೀರೆ ಉಡಿಸ್ತಿದ್ದಳು. ಹೆಂಡತಿ ಒಂದು ಮಾತೂ ಬೈಲಿಲ್ಲ. ಪೊರಕೆ ತಂದು ಕೈಗೆ ಕೊಟ್ಟಳು, ಅಷ್ಟೆ.

ಆಗಿದ್ದು ಇಷ್ಟು. ಚಳಿಗೆ ಯೀಸ್ಟ್ ಮುದುರಿಕೊಂಡು ಮಲಗಿತ್ತು, ನಾನು ಕೆಲಸ ಮುಗೀತು ಅಂದ್ಕೊಂಡೆ. ತಿನ್ನದೆ ಉಳಿದ ಮಾಲ್ಟಿನ ಸಕ್ಕರೆ, ಅದರ ಮೇಲೆ ನಾನು ಹಾಕಿದ ಸಕ್ಕರೆ, ಮೇಲೊಂದು ಬಿಗಿ ಮುಚ್ಚಳ. ಬೆಚ್ಚಗಾದ ಕೂಡಲೇ ಅದು ಎದ್ದು ಊಟಕ್ಕೆ ಕೂತ್ಕೊಂಡ್ತು. ಗುಳ್ಳೆ ನಿಂತರೆ ಹುದುಗು ಮುಗೀತು ಅನ್ನೋದೇ ಮೊದಲ ಸುಳ್ಳು. ಮುಚ್ಚಳ ಸಡಿಲ ಇದ್ರೂ ಗುಳ್ಳೆ ನಿಲ್ಲುತ್ತೆ, ರೂಮು ಬೆಚ್ಚಗಾದ್ರೆ ಸುಮ್ಮಸುಮ್ಮನೆ ಮತ್ತೆ ಬರುತ್ತೆ. ಕೇಳಬೇಕಾದ್ದು ಹೈಡ್ರೋಮೀಟರನ್ನ. 1.050ರಲ್ಲಿ ಶುರುವಾದ ರಸ 1.012ರ ಹತ್ತಿರ ಇಳಿದು, ಎರಡು ಮೂರು ದಿನ ಬಿಟ್ಟು ನೋಡಿದ್ರೂ ಅಲ್ಲೇ ನಿಂತಿರಬೇಕು. ಆ ಗಾಜಿನ ಕಡ್ಡಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಕಣ್ರೀ.

ಅಂಕಿ ನಿಂತ ಮೇಲೂ ಕೆಲಸ ಇರುತ್ತೆ. ಅವಸರದ ಬಿಯರಿಗೆ ಹಸಿ ಸೇಬಿನ ವಾಸನೆ, ಇಲ್ಲಾ ಬೆಣ್ಣೆಯ ಜಿಡ್ಡು ಬರೋದು ಯೀಸ್ಟ್ ತಾನೇ ಮಾಡಿದ ಗಲೀಜನ್ನ ಇನ್ನೂ ಗುಡಿಸಿಲ್ಲ ಅಂತ. ಇನ್ನೊಂದಷ್ಟು ದಿನ ಬಿಟ್ಟರೆ ಅದೇ ಗುಡಿಸುತ್ತೆ. ಏಲ್ ಆದ್ರೆ 18ರಿಂದ 20 ಡಿಗ್ರಿಯಲ್ಲಿ ಎರಡು ಮೂರು ವಾರ ಮುಟ್ಟಬೇಡಿ. ಬಾಟಲಿಯಲ್ಲಿ ಇನ್ನೆರಡು ವಾರ.

"ದೊಡ್ಡ ಕಂಪನಿಯವರು ಎರಡೇ ವಾರದಲ್ಲಿ ಕಳಿಸ್ತಾರಲ್ಲ" ಅಂತ ವಾದ ಮಾಡೋರಿದ್ದಾರೆ. ಅವರ ಹತ್ರ ಪ್ರಯೋಗಾಲಯ ಇದೆ, ಫಿಲ್ಟರ್ ಇದೆ, ಅನಿಲವನ್ನ ಹೊರಗಿಂದ ತುಂಬ್ತಾರೆ. ನಿಮ್ಮ ಹತ್ರ ಪ್ಲಾಸ್ಟಿಕ್ ಬಕೆಟ್ ಇದೆ. ಇನ್ನು ಕೆಲವರು, ಜಾಸ್ತಿ ದಿನ ಬಿಟ್ಟರೆ ಸತ್ತ ಯೀಸ್ಟ್ ರುಚಿ ಕೆಡಿಸುತ್ತೆ ಅಂತ ಹೆದರಿಸ್ತಾರೆ. ಆಳೆತ್ತರದ ಟ್ಯಾಂಕಿನ ತಳದ ಒತ್ತಡ, ಬಿಸಿಯಲ್ಲಿ ಅದು ನಿಜವೇ. ಐದು ಗ್ಯಾಲನ್ ಬಕೆಟ್ಟಿಗೆ ತಂಪಲ್ಲಿ ಒಂದು ತಿಂಗಳು ಏನೂ ಆಗಲ್ಲ.

ನನಗೆ ಸಿಟ್ಟು ಬರೋದು ಯಾಕೆ ಅಂದ್ರೆ, ಇದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇದೇ ಮನೆಯಲ್ಲಿ ಜನವರಿಯಲ್ಲಿ ದೋಸೆ ಹಿಟ್ಟನ್ನ ಓವನ್ನಿನೊಳಗಿಟ್ಟು ಬರೀ ದೀಪ ಹಾಕಿ ಇಪ್ಪತ್ತು ಗಂಟೆ ಕಾಯ್ತೀವಿ. "ಅಮ್ಮ ಎಂಟು ಗಂಟೆ ಅಂದಿದ್ಲು" ಅಂತ ಉಬ್ಬದ ಹಿಟ್ಟನ್ನ ಯಾರೂ ಕಾವಲಿಗೆ ಹುಯ್ಯಲ್ಲ. ಮುಚ್ಚಳ ತೆಗೆದು ಮೂಸಿ ನೋಡ್ತೀವಿ, ಮತ್ತೆ ಮುಚ್ಚಿಡ್ತೀವಿ. ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿ ಕಂಡ ತಕ್ಷಣ ಆ ಬುದ್ಧಿಯೆಲ್ಲ ಎಲ್ಲಿಗೆ ಹೋಗುತ್ತೋ.

ಆಫೀಸಿನಲ್ಲಿ ದಾವಣಗೆರೆಯ ಹುಡುಗನೊಬ್ಬ ಇದ್ದಾನೆ. ಶನಿವಾರದ ಪಾರ್ಟಿಗೆ ಅಂತ ಬಕೆಟ್ ಹೂಡಿದ್ದ. ಏಳನೇ ದಿನ ಫೋನ್ ಮಾಡಿ, "ಸರ್, ಗುಳ್ಳೆ ನಿಂತದ, ತುಂಬ್ಲಾ?" ಅಂದ. ಬೇಡವೋ ಮಾರಾಯ ಅಂತ ಬಕೆಟ್ಟನ್ನ ನಮ್ಮನೆಗೇ ತರಿಸಿಕೊಂಡೆ. ಇವತ್ತು ಹನ್ನೊಂದನೇ ದಿನ, 1.018 ತೋರಿಸ್ತಿದೆ. ಪಾರ್ಟಿಗೆ ಅಂಗಡಿಯಿಂದ ಎರಡು ಕೇಸ್ ತಗೊಂಡು ಹೋಗು ಅಂತ ಹೇಳಿದೀನಿ. ಮುನಿಸಿಕೊಂಡಿದ್ದಾನೆ.